ನನಗೂ ಬಂದಿದ್ದ ವಾಸನೆ

ವಾಸನೆ ನನಗೂ ಬಂದಿತ್ತು. ಬಂದಿಲ್ಲವೆಂದು ಹೇಳಿದೆ. ಆ ಒಂದು ಮಾತಿನಿಂದ ದೊಡ್ಡವ್ವ ತನ್ನ ಮೂಗನ್ನು ನಂಬುವುದನ್ನೇ ಬಿಟ್ಟಳು.

ದೊಡ್ಡವ್ವ ನನ್ನ ಅಪ್ಪನ ಅಣ್ಣನ ಹೆಂಡತಿ. ಮೂಡಲಗಿಯ ಹತ್ತಿರ, ನಮ್ಮ ಕಬ್ಬಿನ ಹೊಲದ ಅಂಚಿಗೆ ಬೆಲ್ಲದ ಗಾಣವಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅವಳು ಒಳಗೆ ಇಣುಕುತ್ತಿರಲಿಲ್ಲ. ತುಸು ದೂರದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅವಳು "ಇಳಸ್ರಿ" ಎಂದಾಗ ಇಳಿಸಬೇಕು. ನನ್ನ ಬಾಲ್ಯದ ಚಿತ್ರದಲ್ಲಿ ಅವಳ ಮುಖ ಅರ್ಧವೇ ಇದೆ, ಉಳಿದರ್ಧ ಬಿಳಿ ಆವಿ. ಇದು ನೆನಪೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ — ಹೇಳಲಾರೆ. ಅವಳು ಹೇಳಿದ ಹದ ತಪ್ಪಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಮನೆಮಂದಿಗೆಲ್ಲ ಸಾಲುವಂಥ ದೊಡ್ಡ ಗಾಡಿ ಬೇಕೆಂದು ಹಟ ಹಿಡಿದವನು ನಾನು. ಬೇರೆಯವರು ಓಡಿಸಿದ್ದ ಪೆಟ್ರೋಲ್ ಗಾಡಿ. ದೊಡ್ಡವ್ವನ ಮಗ ಬಸಣ್ಣನಿಗೆ ಮನಸ್ಸಿರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ತಮ್ಮನಾದ ನಾನು ಹೇಳುತ್ತಿದ್ದೇನಲ್ಲ ಎಂದು ಒಪ್ಪಿದ. ಪೂಜೆಗೆ ನಿಲ್ಲುವ ಗಾಡಿಯ ಪೆಟ್ರೋಲ್ ಟಾಕಿ ತುಂಬಿರಬೇಕೆಂಬುದು ನಮ್ಮ ಮನೆಯ ರೂಢಿ — ಎತ್ತುಗಳನ್ನು ಹೊಟ್ಟೆ ತುಂಬ ಮೇಯಿಸಿಯೇ ಪೂಜಿಸುತ್ತಿದ್ದರಲ್ಲ, ಹಾಗೆ. ಖಂಡೇನವಮಿಗೆ, ಮತ್ತೆ ಪ್ರತಿ ಅಮಾವಾಸ್ಯೆಗೆ, ಬಂಕಿನ ಪೈಪು ಟಕ್ ಎಂದು ತಾನಾಗಿ ನಿಂತ ಮೇಲೂ ನಾನು ಬಿಡುತ್ತಿರಲಿಲ್ಲ. ಪೆಟ್ರೋಲ್ ಬಾಯಿಯವರೆಗೆ ಬಂದು ಮಿನುಗಬೇಕು.

ಹುಕ್ಕೇರಿಗೆ ಒಂದು ನಿಶ್ಚಯಕ್ಕೆ ಹೊರಟಿದ್ದೆವು. ಗೋಕಾಕ ದಾಟಿ, ಧುಪದಾಳದ ಹತ್ತಿರ ಇರಬೇಕು. ಕಿಟಕಿಯಾಚೆ ಕಬ್ಬು, ಕಬ್ಬಿನ ಮೇಲೆ ಬಿಸಿಲು, ಬಿಸಿಲು ಕೂಡ ನಿದ್ದೆ ಹೋದಂತೆ… ಹಿಂದಿನ ಸೀಟಿನಿಂದ ದೊಡ್ಡವ್ವ ಹೇಳಿದಳು: "ಪೆಟ್ರೋಲ್ ವಾಸನಿ ಬರಾಕತ್ತೈತಿ. ಯಾರಿಗೂ ಬರವಲ್ದೇನು?"

ಉಳಿದ ಯಾರಿಗೂ ಬಂದಿರಲಿಲ್ಲ. ಗಾಣದಾಗ ನಿಂತು ನಿಂತು ಈಕಿ ಮೂಗಿಗಿ ಹುಚ್ಚ ಹಿಡದೈತಿ ಎಂದು ಬಸಣ್ಣ ನಗಿಸಿದ. ದೊಡ್ಡವ್ವ ನಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ನೀ ಹೇಳು," ಎಂದಳು.

ನನಗೆ ಬಂದಿತ್ತು — ತೆಳ್ಳಗೆ, ಸಿಹಿಯಾಗಿ, ಬಂದು ಹೋಗುವಂತೆ. ಹೌದೆಂದರೆ ನಾನು ಆರಿಸಿದ ಗಾಡಿ ಕೆಟ್ಟದ್ದಾಗುತ್ತಿತ್ತು.

"ನನಗೇನೂ ಬರವಲ್ದು, ದೊಡ್ಡವ್ವ."

ಆಮೇಲೆ ಪ್ರತಿ ಸಲವೂ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕೂಡುತ್ತಿದ್ದಳು. ಮೊಮ್ಮಕ್ಕಳನ್ನು ಹಿಂದೆ ಕೂಡಿಸಬೇಡಿರೆಂದು ಜಗಳವಾಡಿದಳು. ಇಲ್ಲದ ವಾಸನೆ ಬರುವುದೂ ಒಂದು ಬೇನೆಯೆಂದು ಯಾರೋ ಹೇಳಿ, ಬಸಣ್ಣ ಅವಳನ್ನು ಬೆಳಗಾವಿಯ ಡಾಕ್ಟರಿಗೆ ತೋರಿಸಿದ. ಗುಳಿಗೆಗಳು ಬಂದವು. ಮಧ್ಯಾಹ್ನಗಳಲ್ಲಿ ಅವಳು ಕಟ್ಟೆಯ ಮೇಲೆ ಮಬ್ಬಾಗಿ ಕುಳಿತಿರುವುದನ್ನು ನೋಡುತ್ತಿದ್ದೆ — ನೋಡಿಯೂ…

ಕಡೆಗೆ ಒಬ್ಬನೇ ಗಾಡಿಯನ್ನು ಗೋಕಾಕದ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಒಂದು ಯಂತ್ರದಿಂದ ಟಾಕಿಯ ಪೈಪುಗಳೊಳಗೆ ಬಿಳಿ ಹೊಗೆ ಊದಿದ. ಇಬ್ಬರೂ ಬಗ್ಗಿ ಕಾದೆವು. ಹಿಂದಿನ ಗಾಲಿಯ ಮೇಲಿಂದ ಹೊಗೆಯ ಒಂದು ಎಳೆ ಹೊರಬಂತು. ಅವಸರವಿಲ್ಲದೆ, ತೂಗಾಡುತ್ತ ಮೇಲೇರಿತು. ಚೆಂದವಿತ್ತು. ಅದನ್ನು ಚೆಂದವೆಂದು ನೋಡುತ್ತ ನಿಂತಿದ್ದೆನೆಂಬುದೂ ನಾಚಿಕೆಯ ಮಾತೇ. ಅಲ್ಲೊಂದು ರಬ್ಬರ್ ಪೈಪು ಸೀಳಿತ್ತು. ಟಾಕಿಯ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಪೆಟ್ರೋಲಿನಲ್ಲಿ ತೊಯ್ದು ಹೋಗಿತ್ತು. ಟಾಕಿ ಕಂಠಮಟ್ಟ ತುಂಬಿಸುತ್ತೀರೇನೆಂದು ಮೇಸ್ತ್ರಿ ಕೇಳಿದ, ಹೌದೆಂದು ತಲೆಯಾಡಿಸಿದೆ.

"ದಿನಾ ಹಬ್ಬದ ಊಟ ಮಾಡಿಸೀರಿ. ಗಾಡಿಗಿ ಅಜೀರ್ಣ ಆಗೇತಿ," ಎಂದು ನಕ್ಕ.

ಪೈಪನ್ನೂ ಡಬ್ಬಿಯನ್ನೂ ಬದಲಿಸಿ ಮತ್ತೆ ಹೊಗೆ ಊದಿದ. ಎಲ್ಲಿಂದಲೂ ಬರಲಿಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ: "ಇಷ್ಟ ಸಣ್ಣ ಸೀಳು ಭಾಳ ಮಂದಿಗಿ ಗೊತ್ತಾಗೂದಿಲ್ರಿ ಸರ್. ಮೊದಲ ವಾಸನಿ ಯಾರಿಗಿ ಬಂತು?"

"ನನಗ," ಎಂದೆ.

"ಚಲೋ ಮೂಗೈತಿ ಬಿಡ್ರಿ ನಿಮ್ದು."

ರಿಪೇರಿಯ ಸುದ್ದಿಯನ್ನು ಮನೆಯಲ್ಲಿ ಹೇಳಲಿಲ್ಲ. ಮುಂದಿನ ಸಲ ದೊಡ್ಡವ್ವ ಗಾಡಿ ಹತ್ತಿದಳು. ಬಹಳ ಹೊತ್ತು ಮೂಸಿದಳು. "ಈಗ ಬರವಲ್ದು," ಎಂದಳು, ಏನನ್ನೋ ಕಳೆದುಕೊಂಡವಳಂತೆ. ಗುಳಿಗಿ ನಾಟಿ ಗುಣ ಆತು ಎಂದು ಬಸಣ್ಣ ಸಂತೋಷಪಟ್ಟ. ಗಾಡಿ ನಡೆಸುತ್ತಿದ್ದವನು ನಾನು. ಗೇರು ಬದಲಿಸಿದೆ.

ಆ ವರ್ಷದಿಂದ ಅವಳು ಕೊಪ್ಪರಿಗೆಯ ಹತ್ತಿರ ಬಂದಿಲ್ಲ. ಯಾರಾದರೂ ಕರೆದರೆ, "ನನ್ನ ಕೇಳಬ್ಯಾಡ್ರಿ. ನನ್ನ ಮೂಗು ಸುಳ್ಳ ಹೇಳತೈತಿ," ಎನ್ನುತ್ತಾಳೆ. ಇಷ್ಟು ವರ್ಷ ನನ್ನ ನೆನಪು ನನ್ನ ಪರವಾಗಿಯೇ ವಾದಿಸಿತು — ಆ ದಿನ ವಾಸನೆ ಬಂದಿರಲಿಲ್ಲವೇನೋ, ಅನುಮಾನವಷ್ಟೇ ಇತ್ತೇನೋ. ಇಲ್ಲ. ಬಂದಿತ್ತು.

ಇಂದು ಬೆಳಿಗ್ಗೆ ಗಾಣದ ಹೊರಗೆ ಕುಳಿತಿದ್ದ ಅವಳಿಗೆ ಎಲ್ಲ ಹೇಳಿದೆ. ವಾಸನೆ, ಹೊಗೆ, ಪೈಪು, ನಾನು ಗ್ಯಾರೇಜಿನಲ್ಲಿ ಆಡಿದ ಮಾತು. ಅವಳು ಕೇಳಿದಳು:

"ಹಂಗಾರ ನನಗೇನೂ ಆಗಿದ್ದಿಲ್ಲ?"

ಇಲ್ಲವೆಂದೆ.

"ಆ ಗುಳಿಗಿ ಎಲ್ಲಾ…" ಎಂದಳು. ಒಳಗೆ ಬಸಣ್ಣ ಆಳುಗಳೊಂದಿಗೆ ಒಲೆಯ ಮುಂದಿದ್ದ. ಅತ್ತ ಕೈ ತೋರಿಸಿದಳು. "ಅಲ್ಲಿ ಹೋಗಿ ಹೇಳು. ಎಲ್ಲಾರೂ ಕೇಳುವಂಗ ಹೇಳು."

ಹೋಗಿ ಹೇಳಿದೆ. ಬಸಣ್ಣ ನನ್ನ ಮುಖ ನೋಡಿದ, ಆಮೇಲೆ ಹೊರಗೆ ತನ್ನ ಅವ್ವನನ್ನು ನೋಡಿದ. ಅವಳು ನಮ್ಮಿಬ್ಬರ ಕಡೆಗೂ ತಿರುಗಲಿಲ್ಲ. ಅಂದು ಗಾಡಿಯಲ್ಲಿ ನಕ್ಕವರು ಇನ್ನೂ ಇದ್ದಾರೆ. ಅವರ ಮನೆಗಳಿಗೂ ಹೋಗುತ್ತೇನೆ.