ಟೆಲಿಫೋನಮ್ಮ ಮೆನು ತಿದ್ದಿದ್ದು

ಬೀದಿಯವರ ಬಾಯಲ್ಲಿ ಅವರು ಟೆಲಿಫೋನಮ್ಮ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದವರು. ನಿವೃತ್ತಿಯಾದ ಮೇಲೆ ಕಣ್ಣು ಮಂಜಾಗುತ್ತ ಬಂತು. ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವರು ಕಣ್ಣೀರು ಹಾಕುತ್ತ ಕೂರಲಿಲ್ಲ. ಇಷ್ಟು ವರ್ಷ ಅನ್ನ ಹಾಕಿದ್ದು ಕಿವಿ ತಾನೇ, ಅದಿನ್ನೂ ಗಟ್ಟಿಯಾಗಿದೆ ಎಂದರು.

ಮೈದುನ ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, ಪರದೆಯ ಮೇಲಿದ್ದುದನ್ನು ಓದಿ ಹೇಳುವ ಪ್ರೋಗ್ರಾಮನ್ನೂ ಸೇರಿಸಿಕೊಟ್ಟ. ಅದೇನೋ ಸೊಗಸಾಗಿಯೇ ಓದುತ್ತಿತ್ತು. ಆದರೆ ಅದನ್ನು ಎಬ್ಬಿಸಲು ಮೆನುವಿನಲ್ಲಿ ಹುಡುಕಬೇಕು, ಹುಡುಕಲು ಕಣ್ಣು ಬೇಕು. ಕಣ್ಣಿದ್ದರೆ ಅದರ ಹಂಗಾದರೂ ಏಕೆ? ಹೀಗಾಗಿ ದಿನಾ ಬೆಳಿಗ್ಗೆ, ಔಷಧಿ ಅಂಗಡಿಯ ಕೆಲಸಕ್ಕೆ ಹೊರಟು ನಿಂತ ಸೊಸೆಯನ್ನು ಕೂಗಬೇಕಾಗುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಒತ್ತಿ ಹೋಗುತ್ತಿದ್ದಳು, ಗೊಣಗುತ್ತಿರಲಿಲ್ಲ. ಆ ಗೊಣಗದಿರುವುದೇ ಟೆಲಿಫೋನಮ್ಮನನ್ನು ಚುಚ್ಚುತ್ತಿತ್ತು.

ಒಂದು ರಜೆಯ ದಿನ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇದು ತಾನಾಗೇ ಏಳೋ ಹಾಗೆ ಮಾಡೋಕಾಗಲ್ವಾ?"

"ಆಗುತ್ತೆ ಅತ್ತೆ. ನಾನು ಮಾಡಿಕೊಡ್ತೀನಿ."

"ನೀನು ಮಾಡಿದ್ರೆ, ಕೆಟ್ಟಾಗ ಮತ್ತೆ ನಿನ್ನೇ ಕೂಗಬೇಕು. ದಾರಿ ನೀನು ಹೇಳು, ಕೈ ನಂದು."

ಸೆಟ್ಟಿಂಗ್ಸ್ ಒಳಗೆ, ಕಂಪ್ಯೂಟರ್ ಹಚ್ಚಿದೊಡನೆ ಶುರುವಾಗುವ ಪ್ರೋಗ್ರಾಮುಗಳ ಪಟ್ಟಿ ಇತ್ತು. ಟಿಕ್ ಇದ್ದದ್ದು ತಾನಾಗಿ ಏಳುತ್ತದೆ. ಟಿಕ್ ತೆಗೆದರೆ ಪ್ರೋಗ್ರಾಮು ಸಾಯುವುದಿಲ್ಲ, ಕರೆಯುವವರೆಗೆ ಸುಮ್ಮನಿರುತ್ತದೆ ಎಂದು ಸೊಸೆ ವಿವರಿಸಿದಳು. ಟೆಲಿಫೋನಮ್ಮ ಆ ಓದಿ ಹೇಳುವ ಪ್ರೋಗ್ರಾಮಿನ ಹೆಸರನ್ನು ತಾವೇ ಒತ್ತಿ ಅದರಲ್ಲಿ ಸೇರಿಸಿದರು. ಹುಮ್ಮಸ್ಸಿನಲ್ಲಿ ರೇಡಿಯೋ, ಪತ್ರಿಕೆ, ಮೇಲ್ ಎಲ್ಲವನ್ನೂ ಸೇರಿಸಿದರು.

ಮತ್ತೆ ಹಚ್ಚಿದಾಗ ಕಂಪ್ಯೂಟರು ಏದುಸಿರು ಬಿಡುತ್ತ ಎದ್ದಿತು. ರೇಡಿಯೋ ಹಾಡಿತು, ಪತ್ರಿಕೆಯೊಳಗಿನ ಜಾಹೀರಾತು ಕೂಗಿತು, ಓದುವ ದನಿ ಅದರ ಮಧ್ಯೆ ತೊದಲಿತು. ಸೊಸೆ ಬಿದ್ದು ಬಿದ್ದು ನಕ್ಕಳು.

"ಎಲ್ಲಾ ಲೈನೂ ಒಂದೇ ಸಲ ಕೊಟ್ಟುಬಿಟ್ಟೆ ನೋಡು," ಎಂದು ತಾವೂ ನಕ್ಕು, ಓದುವ ದನಿಯೊಂದನ್ನು ಬಿಟ್ಟು ಉಳಿದವುಗಳ ಟಿಕ್ ತೆಗೆದರು.

ಆಮೇಲೆ ಮೆನುವಿನ ಸರದಿ. ಪತ್ರಿಕೆಗೆ ತಲುಪುವಷ್ಟರಲ್ಲಿ ಆ ದನಿ ಆಟಗಳು, ಉಪಕರಣಗಳು ಎಂದು ಊರೆಲ್ಲ ಸುತ್ತಿಸುತ್ತಿತ್ತು. ಮೆನು ತಿದ್ದುವ ಕಿಟಕಿ ತೆರೆದು ಬೇಡದವನ್ನೆಲ್ಲ ಮರೆಮಾಡಿದರು. ಪತ್ರಿಕೆ, ರೇಡಿಯೋ, ಮೇಲ್‌ಗೆ ಕಾಗದ ಎಂದು ತಮಗೆ ಒಗ್ಗುವ ಹೆಸರಿಟ್ಟು ಮೇಲಕ್ಕೆ ತಂದರು. ಕೈ ಓಡಿದ್ದೇ ಓಡಿದ್ದು.

ಮರುದಿನ ಸೊಸೆ ಕೆಲಸಕ್ಕೆ ಹೋದ ಮೇಲೆ, ಓದುವ ವೇಗ ತಗ್ಗಿಸೋಣವೆಂದು ಹೊರಟರೆ ಸೆಟ್ಟಿಂಗ್ಸೇ ಇಲ್ಲ! ಹಿಂದಿನ ದಿನದ ಭರಾಟೆಯಲ್ಲಿ ಅದನ್ನೂ ಮರೆಮಾಡಿದ್ದರು. ಫೋನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟರು. ಅಳಿಸಿಲ್ಲವಲ್ಲ, ಮರೆಮಾಡಿದ್ದಷ್ಟೇ. ಮೆನು ತಿದ್ದುವ ಕಿಟಕಿಯನ್ನೇ ತೆರೆದು, ಬಾಣದ ಕೀಲಿ ಒತ್ತುತ್ತ, ಒಂದೊಂದು ಹೆಸರನ್ನೂ ಕಿವಿಗೊಟ್ಟು ಕೇಳಿದರು. ಸೆಟ್ಟಿಂಗ್ಸ್ ಎಂದು ದನಿ ಉಸುರಿತು. ಟಿಕ್ ಹಾಕಿದರು. ಮೆನುವಿಗೆ ಅದು ಮರಳಿ ಬಂತು.

ಸಂಜೆ ಸೊಸೆಗೆ ಈ ವಿಷಯ ಹೇಳಿದಾಗ ಅವಳು, ಫೋನ್ ಮಾಡಬಾರದಿತ್ತೇ ಎಂದಳು.

"ಬಚ್ಚಿಟ್ಟೋಳು ನಾನು, ಹುಡುಕೋಕೆ ನೀನ್ಯಾಕೆ?"

ಈಗ ಎದುರುಮನೆಯ ದರ್ಜಿಯೂ ಕಲಿಯಲು ಬರುತ್ತಾರೆ. ಅವರ ಕಣ್ಣೂ ಸೂಜಿಗೆ ದಾರ ಏರಿಸಲಾರದಷ್ಟು ಸೋತಿದೆ. ಟೆಲಿಫೋನಮ್ಮ ಕುರ್ಚಿ ಎಳೆದು ಕೊಟ್ಟು, ಮೊದಲು ನಿಮಗೆ ದಿನಾ ಏನು ಬೇಕು ಹೇಳಿ, ಉಳಿದದ್ದು ಆಮೇಲೆ ಎನ್ನುತ್ತಾರೆ.