ಸೊಟ್ಟ ಗೆರೆಯ ತೊಗಟೆಬಟ್ಟೆ

ಟೋಂಗಾದ ಆ ಕರಾವಳಿ ಊರಿನಲ್ಲಿ ಕಲೊಲೈನೆಯ ಬಡಿಗೆಯ ಸದ್ದು ಕೇಳದ ಬೆಳಗು ಎಂದರೆ ಭಾನುವಾರದ್ದು ಮಾತ್ರ. ಏಳನೇ ವಯಸ್ಸಿಗೆ ಅಜ್ಜಿಯ ಪಕ್ಕ ಕೂತು ಮರದ ತೊಗಟೆ ಬಡಿದು ಬಟ್ಟೆ ಮಾಡಲು ಕಲಿತವಳು ಅರವತ್ತೆರಡರಲ್ಲೂ ಬಡಿಯುತ್ತಲೇ ಇದ್ದಳು. ಬಡಿದು, ಅಂಟಿಸಿ, ಬಣ್ಣ ತೀಡಿದ ಬಟ್ಟೆಗಳೆಲ್ಲ ಮದುವೆಗೆ, ಸಾವಿಗೆ, ಪಾದ್ರಿಯ ಮನೆಗೆ ಹೋದವು. ಮಾಡುವುದೇ ಕೊಡಲಿಕ್ಕೆ, ಇಟ್ಟುಕೊಂಡವಳನ್ನು ಊರು ಜಿಪುಣಿ ಎನ್ನುತ್ತದೆ. ಕಲೊಲೈನೆ ಇಡೀ ಬದುಕಿನಲ್ಲಿ ಇಟ್ಟುಕೊಂಡದ್ದು ಒಂದೇ ಒಂದು.

ಅದು ಮಗಳು ಲೋಸೆ ಕೊನೆಯದಾಗಿ ಕಪ್ಪು ಗೆರೆ ಎಳೆದ ಬಟ್ಟೆ. ಜ್ವರಕ್ಕೆ ಕೈ ನಡುಗಿ ಒಂದು ತುದಿಯ ಗೆರೆಗಳೆಲ್ಲ ಸೊಟ್ಟಗಾಗಿದ್ದವು. "ನೋಡ್ದೋರು ನಗ್ತಾರಮ್ಮ, ಯಾರಿಗೂ ಕೊಡ್ಬೇಡ" ಅಂದಿದ್ದಳು. ಹದಿನೆಂಟು ತುಂಬುವ ಮೊದಲೇ ಹೋಗಿಬಿಟ್ಟಳು ಹುಡುಗಿ. ಬಟ್ಟೆ ಸುರುಳಿಯಾಗಿ ಹನ್ನೊಂದು ವರ್ಷ ಮಂಚದ ಕೆಳಗಿತ್ತು.

ಈ ವರ್ಷ ಗಂಡ ಸೆಮಿಸಿ ತೀರಿಕೊಂಡ. ಸಾವಿನ ಮನೆಯಲ್ಲಿ ಸತ್ತವನ ಅಕ್ಕನೇ ದೊಡ್ಡವಳು. ಅವಳು ಹೆಣದ ತಲೆಯ ಬಳಿ ಕೂರುತ್ತಾಳೆ, ಮನೆಯವರು ಅವಳ ಮುಂದೆ ಹಾಸಿದ ಬಟ್ಟೆಯೆಲ್ಲ ಅವಳದ್ದು. ಹೆಂಡತಿಗೆ ಹರಕು ಚಾಪೆ ಸುತ್ತಿಕೊಂಡು ಹಿತ್ತಲಿನ ನೆಲದೊಲೆಯ ಹತ್ತಿರ ಜಾಗ. ಬೇಯಿಸಿದ ಗೆಣಸಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದ ಕಲೊಲೈನೆ ನೋಡುತ್ತಾಳೆ: ಗಂಡನ ಅಕ್ಕ ತೊವಾಕಸೆಯ ಮುಂದೆ ಲೋಸೆಯ ಬಟ್ಟೆ ಬಿಚ್ಚಿಕೊಂಡು ಬಿದ್ದಿದೆ.

ಸೊಸೆ ಸಿಯಾಲೆ ಓಡಿಬಂದು ಕಿವಿಯಲ್ಲಿ ಹೇಳಿದಳು. "ಮಂಚದ ಕೆಳಗಿದ್ದದ್ದನ್ನೂ ತಂದು ಹಾಸ್ದೆ ಅತ್ತೆ. ನಮ್ಮನೇಲಿ ಕಮ್ಮಿ ಮಾಡಿದ್ರು ಅಂತ ನಾಳೆ ಯಾರೂ ಆಡ್ಕೋಬಾರ್ದಲ್ಲ!"

ಬೈಯೋಣವೆಂದರೆ ಏನಂತ ಬೈಯುವುದು? ಪಾಪ, ಅವಳು ಈ ಮನೆಗೆ ಬಂದು ಎರಡು ವರ್ಷ. ಮನೆಯ ಮಾನ ಉಳಿಸಲು ಹೋದವಳು. ಮಂಚದ ಕೆಳಗಿನದನ್ನು ಮುಟ್ಟಬೇಡ ಎಂದು ಕಲೊಲೈನೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಇಟ್ಟುಕೊಂಡಿದ್ದೇನೆ ಎನ್ನಲು ನಾಚಿಕೆ.

ಹತ್ತನೆಯ ದಿನದ ಊಟವಾದ ಮೇಲೆ ತೊವಾಕಸೆ ಅಂಗಳದಲ್ಲಿ ಸುರುಳಿಗಳನ್ನು ವಿಂಗಡಿಸುತ್ತ ಕೂತಳು. ಹಳೆಯ ತೊಗಟೆಬಟ್ಟೆ ಹುಡುಕಿಕೊಂಡು ದ್ವೀಪ ಸುತ್ತುತ್ತಿದ್ದ ಒಬ್ಬ ಬಿಳಿಯ ಅಲ್ಲಿಗೂ ಬಂದಿದ್ದ. ಕೊಂಡದ್ದಕ್ಕೆ ಗಾಜಿನ ಚೌಕಟ್ಟು ಹಾಕಿ ಗೋಡೆಗೆ ಏರಿಸುತ್ತಾನಂತೆ. ಮೈಮೇಲೆ ಹೊದೆಯಬೇಕಾದ್ದನ್ನು ಗೋಡೆಗೆ ಹೊದಿಸುವ ಜನ! ಅವನಿಗೆ ಲೋಸೆಯ ಬಟ್ಟೆಯ ಮಾಗಿದ ಬಣ್ಣ ಹಿಡಿಸಿತು. ಸೊಟ್ಟ ಗೆರೆಯ ತುದಿ ಮಾತ್ರ ಬೇಡವೆಂದ.

"ಕಲೊಲೈನೆ, ಬಾರೇ ಇಲ್ಲಿ. ನಿನ್ನಷ್ಟು ಬಿಗಿಯಾಗಿ ಹಿಡಿಯೋರು ಯಾರಿದಾರೆ?"

ಹಿಡಿದಳು. ತೊವಾಕಸೆ ಕತ್ತರಿ ಆಡಿಸಿದಳು. ಬಿಳಿಯ ತನ್ನ ಪಾಲನ್ನು ಸುತ್ತಿಕೊಂಡು ಹೊರಟ. ಸೊಟ್ಟ ತುದಿ ಕಲೊಲೈನೆಯ ಕೈಯಲ್ಲೇ ಉಳಿಯಿತು. ಹತ್ತು ದಿನದಲ್ಲಿ ಮೊದಲ ಸಲ ಅವಳಿಗೆ ಆಸೆಯಾಯಿತು. ಬೇಕಾದದ್ದು ಇದೊಂದೇ, ಯಾರಿಗೂ ಬೇಡದ್ದು.

"ಅಕ್ಕಾ, ಈ ಚೂರು ನಂಗಿರಲಿ."

"ಥೂ, ಬಿಡೇ! ತಮ್ಮನ ಹೆಂಡ್ತಿಗೆ ಚೂರು ಕೊಟ್ಟು ಕಳಿಸಿದ್ಲು ಅಂತ ಊರೆಲ್ಲ ನನ್ನ ಮುಖಕ್ಕೆ ಉಗೀಲಿ ಅಂತಲಾ?" ತೊವಾಕಸೆ ಚೂರನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಹೊಚ್ಚಹೊಸ ಸುರುಳಿಯೊಂದನ್ನು ಎಳೆದು ಅವಳ ಮಡಿಲಿಗೆ ಹಾಕಿದಳು.

"ಇಷ್ಟೆಲ್ಲ ಬೇಡಕ್ಕ. ಸೊಟ್ಟದ್ದೇ ಸಾಕು."

"ನೋಡ್ರಪ್ಪ ಇವಳ ಗುಣಾನ! ಪುಣ್ಯ ಮಾಡಿದ್ದ ನನ್ನ ತಮ್ಮ," ಎಂದು ತೊವಾಕಸೆ ಕಣ್ಣೊರೆಸಿಕೊಂಡಳು. ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಇದು ಲೋಸೆಯ ಕೈಯದ್ದು ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದರೆ, ನಿನಗೆ ಕೊಡಬಾರದೆಂದು ಬಚ್ಚಿಟ್ಟದ್ದನ್ನು ತಪ್ಪಿ ಕೊಟ್ಟೆವು ಎಂದಂತೆ. ಹಾಸಿದ್ದನ್ನು ವಾಪಸು ಕೇಳಿದ ಮನೆ ಎಂಬ ಹೆಸರು ಸೆಮಿಸಿಗೆ ಸತ್ತ ಮೇಲೆ ಅಂಟುತ್ತದೆ, ಸಿಯಾಲೆ ತಲೆಯೆತ್ತಿ ಓಡಾಡುವಂತಿಲ್ಲ. ಕಲೊಲೈನೆ ಹೊಸ ಸುರುಳಿಯನ್ನು ಎತ್ತಿಕೊಂಡು ಎದ್ದಳು.

ತೊವಾಕಸೆಯ ಪಾಲನ್ನು ಒಯ್ಯಲು ಟ್ರಕ್ಕು ಬಂತು. ಅದರ ನೆಲದಲ್ಲಿ ಎಣ್ಣೆ ಚೆಲ್ಲಿತ್ತು. ಒಳ್ಳೆಯ ಬಟ್ಟೆಗಳಿಗೆ ಕಲೆಯಾಗದಿರಲೆಂದು ತೊವಾಕಸೆ ಆ ಸೊಟ್ಟ ಚೂರನ್ನು ಅಲ್ಲಿ ಹಾಸಿಸಿದಳು. ಅದರ ಮೇಲೆ ಸುರುಳಿಗಳನ್ನು ಹೇರುವ ಕೆಲಸ ಮನೆಯವರದ್ದು. ಕಲೊಲೈನೆ ಒಂದೊಂದನ್ನೇ ಎತ್ತಿ ಇಟ್ಟಳು. ಕೊನೆಯದು ಭಾರವಿತ್ತು, ಸಿಯಾಲೆ ಬಂದು ಕೈಜೋಡಿಸಿದಳು.

"ಒಂದು ಮಾತು ಬರದ ಹಾಗೆ ಎಲ್ಲ ಚೆನ್ನಾಗಿ ನಡೀತಲ್ಲ ಅತ್ತೆ?"

"ಹೂಂ ಮಗಳೇ," ಅಂದಳು ಕಲೊಲೈನೆ. "ಚೆನ್ನಾಗಿ ನಡೀತು."