ಲಕ್ಕಮ್ಮ ಹೇಳಿದ ಹೊತ್ತು

ಮಗುವಿಗೆ ಎಣ್ಣೆ ನೀರು ಹಾಕಲು ಲಕ್ಕಮ್ಮ ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ಸಾಲಗಾಮೆಯಲ್ಲಿ ಮಗಳ ಮನೆ. ಅಲ್ಲಿಂದ ಬಸ್ಸು ಹತ್ತಿ ಹಾಸನದ ನಮ್ಮ ಬೀದಿಯ ತುದಿಯಲ್ಲಿ ಇಳಿಯುತ್ತಾರೆ. ಎಪ್ಪತ್ತಾರು ವರ್ಷ ವಯಸ್ಸು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತುವಾಗ ನರಳುತ್ತಾರೆ, ಆದರೆ ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಮಗುವನ್ನು ಮಲಗಿಸಿಕೊಂಡರೆ ಆ ಕಾಲಿಗೆ ನೋವೇ ಇರುವುದಿಲ್ಲ.

ಮೊದಲ ದಿನ ಅವರು ಕೇಳಿದ ಪ್ರಶ್ನೆಯನ್ನು ನಾನು ಅಂದೇ ಬರೆದಿಟ್ಟುಕೊಂಡಿದ್ದೇನೆ.

"ಮಗು ಉಟ್ಟಾಗ ಯಾವ ಚುಕ್ಕಿ ಎಲ್ಲಿತ್ತು ತಾಯಿ?"

"ಆಸ್ಪತ್ರೆಯೊಳಗೆ ಚುಕ್ಕಿ ಎಲ್ಲಿಂದ ಕಾಣುತ್ತೆ ಲಕ್ಕಮ್ಮ? ಬೆಳಗಿನ ಜಾವ ನಾಲ್ಕು ಗಂಟೆ ಹನ್ನೆರಡು ನಿಮಿಷ ಅಂತ ಬರೆದುಕೊಟ್ಟಿದ್ದಾರೆ."

"ಅನ್ನೆಲ್ಡು ನಿಮಿಸ! ಅಷ್ಟು ಸಣ್ಣಗೆ ಅಳೀತಾರಾ?" ಎಂದು ನಕ್ಕರು. ಮಗುವಿನ ಎದೆಗೆ ಎಣ್ಣೆ ಹಚ್ಚುತ್ತ ಒಂದು ಕ್ಷಣ ಕಣ್ಣು ಮುಚ್ಚಿ, "ಅಂಗಾದ್ರೆ ಕೂರಿಗೆ ಮೂಡ್ಲಾಗೆ ಅರ್ಧ ಆಕಾಶ ಏರಿರ್ತದೆ. ಒಳ್ಳೆ ಒತ್ತು," ಅಂದರು.

ಕೂರಿಗೆ ಎಂದರೆ ಸಾಲಾಗಿ ನಿಂತ ಮೂರು ಚುಕ್ಕಿ, ಬಿತ್ತನೆಯ ಕೂರಿಗೆಯ ಮೂರು ಕೊಳವೆಯಂತೆ. ಕೃತ್ತಿಕೆ ಅವರ ಬಾಯಲ್ಲಿ ಕೋಳಿಮರಿಗಳು. ಸಪ್ತರ್ಷಿ ಮಂಡಲ ಅಜ್ಜಿಯ ಮಂಚ: ನಾಲ್ಕು ಚುಕ್ಕಿ ಮಂಚದ ಕಾಲು, ಉಳಿದ ಮೂರು ಅದನ್ನು ಎಳೆದುಕೊಂಡು ಹೋಗಲು ಬಂದ ಕಳ್ಳರು. ಇದನ್ನು ಕೇಳಿದಾಗಲೆಲ್ಲ ನಮ್ಮ ಅತ್ತೆ ವೇದವತಿಗೆ ರೇಗುತ್ತದೆ.

"ಋಷಿಗಳನ್ನ ಕಳ್ಳರು ಅಂತೀಯಲ್ಲೇ!"

"ನೀವು ಓದಿದ್ರಿ, ನಿಮ್ಗೆ ಋಷಿಗಳು ಕಂಡ್ರು ವೇದಮ್ಮ. ನಮ್ಮನೇಲಿ ಮಂಚ ಇರ್ನಿಲ್ಲ, ಅದ್ಕೆ ನಮ್ಗೆ ಮಂಚ ಕಾಣ್ತು."

ಇಬ್ಬರೂ ಕೊರವಂಗಲದವರು. ಅತ್ತೆಯ ತವರು ಅದು. ಅವರ ತಂದೆ ತಿರುನಾರಾಯಣಯ್ಯನವರು ಅಲ್ಲಿ ಶಾಲೆಯ ಮೇಷ್ಟ್ರಾಗಿದ್ದರು, ಪೌರೋಹಿತ್ಯವನ್ನೂ ಬಲ್ಲವರು. ಲಕ್ಕಮ್ಮ ಅದೇ ಊರಿನ ಒಕ್ಕಲು ಮನೆಗೆ ಹದಿನಾರರಲ್ಲಿ ಸೊಸೆಯಾಗಿ ಬಂದರು. ಅವರತ್ತೆ ಸುಬ್ಬಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಸೂಲಗಿತ್ತಿ. ಎಲ್ಲಿ ಹೆರಿಗೆಯಾದರೂ ಸುಬ್ಬಮ್ಮ ಒಳಗೆ, ಎಳೆಯ ಸೊಸೆ ಹೊರಗೆ ಅಂಗಳದಲ್ಲಿ. ಒಳಗಿನಿಂದ ಮಗುವಿನ ಮೊದಲ ಅಳು ಕೇಳಿದ ತಕ್ಷಣ ತಲೆ ಎತ್ತಿ, ಯಾವ ಚುಕ್ಕಿ ಯಾವ ಮರದ ಮೇಲೆ, ಯಾವ ಮಾಡಿನ ಅಂಚಿನಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಪುರೋಹಿತರು ಬಂದು ಕೇಳಿದರೆ ಹೇಳಬೇಕು. ಅವರು ಅದನ್ನು ಗಳಿಗೆಗೆ ಇಳಿಸಿ ಜಾತಕ ಬರೆಯುತ್ತಿದ್ದರು. ಗಡಿಯಾರ ಇಲ್ಲದ ಮನೆಗಳಲ್ಲಿ ಲಕ್ಕಮ್ಮ ಹೇಳಿದ್ದೇ ಹೊತ್ತು. ಅತ್ತೆ ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ: "ನನ್ನ ಜಾತಕದ ಹೊತ್ತು ಕೊಟ್ಟವಳು ಇವಳೇ. ಒಂದು ಗಳಿಗೆ ಆಚೀಚೆ ಇಲ್ಲ ಅಂತ ನಮ್ಮಪ್ಪ ಹೇಳ್ತಿದ್ರು."

ನನ್ನ ಮಗಳು ಹುಟ್ಟಿದ್ದು ಗಣೇಶನ ಹಬ್ಬ ಕಳೆದ ಐದನೇ ದಿನ. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ನನ್ನ ಗಂಡ ಗಿರಿಧರ ಕೈ ಚಾಚಿದರಂತೆ. ಅಷ್ಟರಲ್ಲಿ ಫೋನಿನ ಪಂಚಾಂಗದಲ್ಲಿ ಆ ದಿನದ ನಕ್ಷತ್ರ ನೋಡಿದ್ದ ಅತ್ತೆ ನಡುವೆ ಬಂದು ಮಗುವಿನ ಮುಖಕ್ಕೆ ಸೆರಗು ಅಡ್ಡ ಹಿಡಿದರು. ಮೂಲಾ ನಕ್ಷತ್ರ, ಆಡುಮಾತಿನ ಮೂಲೆ. ಆ ನಕ್ಷತ್ರದ ಮಗುವಿನ ಮುಖವನ್ನು ತಂದೆ ನೋಡಕೂಡದು, ನೋಡಿದರೆ ಅವನ ಜೀವಕ್ಕೇ ಕೇಡು. ಇಪ್ಪತ್ತೇಳನೆಯ ದಿನ ಚಂದ್ರ ಮತ್ತೆ ಮೂಲೆಗೆ ಬಂದಾಗ ಶಾಂತಿ ಮಾಡಿಸಿ, ಮೊದಲು ಬಟ್ಟಲಿನ ಎಣ್ಣೆಯಲ್ಲಿ ಮಗುವಿನ ನೆರಳು ನೋಡಿ, ಆಮೇಲೆ ಮುಖ ನೋಡಬೇಕು. ಮಾವ ತೀರಿಕೊಂಡು ಮೂರೇ ವರ್ಷವಾಗಿದೆ. ಅತ್ತೆಗೆ ಇರುವವನು ಒಬ್ಬನೇ ಮಗ. ಅವರ ಹಟದ ಒಳಗೆ ಇದ್ದದ್ದು ಭಯ ಎಂದು ನನಗೆ ಗೊತ್ತಿತ್ತು, ಆದ್ದರಿಂದ ಜಗಳ ಆಡಲಾಗಲಿಲ್ಲ. ನನಗೆ ತಾಯಿಯಿಲ್ಲ, ಬಾಣಂತನ ಮಾಡುತ್ತಿರುವವರೂ ಅವರೇ.

ಗಿರಿಧರ ಒಂದು ಸಲ ವಾದ ಹೂಡಿದರು. "ನವರಾತ್ರಿಯಲ್ಲಿ ಸರಸ್ವತಿಯನ್ನ ಕೂರಿಸೋದೂ ಮೂಲೆಯ ದಿನವೇ ಅಲ್ವೇನಮ್ಮ?"

"ದೇವರಿಗೂ ನಿನಗೂ ಒಂದೇ ಲೆಕ್ಕವೇನೋ?"

"ಫೋಟೋ ಆದ್ರೂ ನೋಡ್ಲಾ?"

"ಫೋಟೋದಲ್ಲಿರೋದು ಮುಖ ಅಲ್ಲದೆ ಇನ್ನೇನು?"

ಹೀಗಾಗಿ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡಿ ಸಂಜೆ ಮನೆಗೆ ಬರುವ ಗಿರಿಧರ ನಮ್ಮ ಕೋಣೆಯ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಒಳಗಿನಿಂದ ವರದಿ ಒಪ್ಪಿಸುತ್ತಿದ್ದೆ: ಆಕಳಿಸಿದಳು, ಸೀನಿದಳು, ಮುಷ್ಟಿ ಬಾಯಿಗೆ ಇಟ್ಟುಕೊಂಡಳು. "ಕಣ್ಣು ಯಾರ ಥರ?" ಎಂದು ದಿನವೂ ಕೇಳುತ್ತಿದ್ದರು.

ಹನ್ನೊಂದನೆಯ ದಿನ ಭಾನುವಾರ. ಲಕ್ಕಮ್ಮ ನೀರು ಹಾಕುವಾಗ ಗಿರಿಧರ ಬಚ್ಚಲಿನ ಗೋಡೆಗೆ ಒರಗಿ ನಿಂತು ಒಳಗಿನ ಅಳುವನ್ನು ಕೇಳುತ್ತಿದ್ದರು. ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಹೊರಬಂದ ಲಕ್ಕಮ್ಮ ಬೆಚ್ಚಿದರು.

"ಇದ್ಯಾಕಪ್ಪಾ, ಕಳ್ಳ ನಿಂತಂಗೆ ನಿಂತಿದ್ದೀಯಾ? ನಿನ್ನ ಮಗ್ಳು ತಾನೆ, ಒಳೀಕ್ ಬಾ!"

ಗಿರಿಧರ ಮುಖ ತಿರುಗಿಸಿಕೊಂಡು ಹೊರಟುಹೋದರು. ವಿಷಯ ಏನೆಂದು ನಾನೇ ಹೇಳಿದೆ. ಲಕ್ಕಮ್ಮ ಅವತ್ತು ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ಮರೆತು, ಕಾಫಿಯನ್ನು ಅರ್ಧ ಬಿಟ್ಟು ಬಸ್ಸಿಗೆ ನಡೆದರು.

ಮಾರನೆಯ ದಿನ ನೀರು ಹಾಕಿ ಮುಗಿಸಿ, ಅತ್ತೆ ತರಕಾರಿಯವನ ಹತ್ತಿರ ಇದ್ದಾರೆಂದು ಖಚಿತಪಡಿಸಿಕೊಂಡು, ನನ್ನ ಮಂಚದ ಪಕ್ಕ ನೆಲದ ಮೇಲೆ ಕುಳಿತರು.

"ತಾಯಿ, ನಿಮ್ಮತ್ತೆದೂ ಮೂಲೆನೇ ಕಣವ್ವ."

ನಾನು ಎದ್ದು ಕುಳಿತೆ. ಅತ್ತೆಯ ಜಾತಕದಲ್ಲಿರುವುದು ಮೂಲೆಯ ಮುಂದಿನ ನಕ್ಷತ್ರ, ಪೂರ್ವಾಷಾಢ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಅದು ನಾನು ಕೊಟ್ಟ ಸುಳ್ಳು," ಅಂದರು ಲಕ್ಕಮ್ಮ. "ಆ ಒತ್ತು ನಾನು ಕಣ್ಣಾರೆ ನೋಡೀನಿ. ಬ್ಯಾರೆ ಏಳ್ದೆ. ಐವತ್ತೆಂಟು ವರ್ಸ ಆಯ್ತು, ನಮ್ಮತ್ತೆಗೂ ಏಳಿಲ್ಲ. ಈಗ ಏಳಿದ್ರೆ ಗಿರಿಧರಪ್ಪನ ಕೈಗೆ ಮಗು ಸಿಗ್ತದೆ. ಆದ್ರೆ ನನ್ನ ಮಾತಿಗೆ ಇನ್ನು ಯಾರು ಬೆಲೆ ಕೊಡ್ತಾರೆ? ಅದೂ ಓಗ್ಲಿ. ವೇದಮ್ಮನ್ನ ಯೋಚ್ನೆ ಮಾಡು. ಅವಳಪ್ಪ ಅವಳ ಅನ್ನೆಲ್ಡನೇ ವರ್ಸಕ್ಕೆ ಓಗ್ಬುಟ್ರು. ನನ್ನಿಂದ್ಲೇ ನಮ್ಮಪ್ಪ ಓದ್ರು ಅಂದ್ಕೊಂಡ್ಬುಟ್ರೆ?"

ಹೇಳಿ ಎಂದರೆ ಅದು ನನ್ನ ಸ್ವಾರ್ಥವಾಗುತ್ತಿತ್ತು. ಬೇಡ ಎನ್ನಲು ಬಾಗಿಲಾಚೆಯ ಕುರ್ಚಿ ಕಣ್ಣ ಮುಂದೆ ಬಂತು. "ನಿಮಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡಿ," ಎಂದೆ. ಅದು ಹೇಡಿಯ ಮಾತು ಎಂದು ಹೇಳುವಾಗಲೇ ಗೊತ್ತಿತ್ತು.

ಅವತ್ತು ಲಕ್ಕಮ್ಮ ಊರಿಗೆ ಹೋಗಲಿಲ್ಲ. ಮೊಣಕಾಲು ಎಂದು ನೆಪ ಹೇಳಿ ಉಳಿದರು. ನಾಲ್ಕು ದಿನದ ಮೋಡ ಕರಗಿ ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಏಳು ಗಂಟೆಗೆ ಅತ್ತೆಯನ್ನು ತಾರಸಿಗೆ ಕರೆದರು. ನಾನು ಕಿವಿಗೆ ಮಫ್ಲರು ಸುತ್ತಿಕೊಂಡು, ನಿದ್ದೆ ಹೋಗಿದ್ದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಬಾಗಿಲಲ್ಲೇ ಕುಳಿತೆ. ತಂಪು ಗಾಳಿಗೆ ಬಂದೆ ಎಂದು ಅತ್ತೆ ಬೈದರು. ಅದಕ್ಕೆ ಮೇಲೆ ನಿಂತದ್ದು ಅವರಿಬ್ಬರೇ.

ನೈಋತ್ಯದಲ್ಲಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಕೊಕ್ಕೆಯಂತೆ ಬಾಗಿದ ಚುಕ್ಕಿಗಳ ಸಾಲು.

"ಅದೇನು ಗೊತ್ತಾ ವೇದಮ್ಮ?"

"ವೃಶ್ಚಿಕ. ಆ ತುದಿಯೇ ಮೂಲಾ, ಬೇರಿನ ಕಟ್ಟು ಅದರ ಗುರುತು. ನನಗೇ ಪಾಠ ಹೇಳ್ತೀಯಾ?"

"ನಿಮ್ಗೆ ಬೇರು, ಊರೋರಿಗೆ ಚೇಳಿನ ಕೊಂಡಿ. ನಮ್ಮತ್ತೆ ಅದ್ನ ಕುಡ್ಲು ಅಂತಿದ್ರು. ಒಕ್ಕುಳ ಬಳ್ಳಿ ಕುಯ್ಯೋ ಕುಡ್ಲು. ಅದಿಲ್ದೆ ಯಾವ ಮಗಾನೂ ತಾಯಿಂದ ಈಚೆ ಬರಾಕಿಲ್ಲ ಅಂತಿದ್ರು." ಲಕ್ಕಮ್ಮ ಉಸಿರು ತೆಗೆದುಕೊಂಡರು. "ನೀನು ಉಟ್ಟಾಗ ಆ ಕುಡ್ಲು ನೆಟ್ಟಗೆ ತೆಂಕಲಿಗೆ ನಿಂತಿತ್ತು. ತದಿಗೆ ಚಂದ್ರ ಅದ್ರ ಮಗ್ಗುಲಲ್ಲೇ ಇದ್ದ."

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ವೈಶಾಖದಲ್ಲಿ ಅದು ನೆಟ್ಟಗೆ ನಿಲ್ಲೋದು ಮೂರು ಗಂಟೆ ಒಳಗೆ," ಎಂದರು ನಿಧಾನವಾಗಿ. "ನನ್ನ ಜಾತಕದಲ್ಲಿರೋದು ನಾಲ್ಕೂವರೆ."

"ಊಂ."

"ನೀನು ಸುಳ್ಳು ಹೇಳಿದ್ಯಾ ಲಕ್ಕಮ್ಮ?"

"ಏಳ್ದೆ ಕಣವ್ವ. ನಾಕು ಗಂಟೆವರ್ಗೂ ಮೂಲೆ ಅಂತ ನಿಮ್ಮಜ್ಜಿ ಪಂಚಾಂಗ ನೋಡಿ ಒಳಗೆ ಅಳ್ತಾ ಇದ್ರು. ನಿಮ್ಮಪ್ಪ ಒಂದು ಮುಂಜಿ ಮಾಡ್ಸಾಕೆ ರುದ್ರಪಟ್ಟಣಕ್ಕೆ ಓಗಿದ್ರು. ಊರಲ್ಲಿ ಇದ್ದ ಒಂದು ವಾಚು ಅವ್ರ ಕೈಯಾಗಿತ್ತು. ನಂಗೂ ಹದಿನೆಂಟು ವರ್ಸ. ನಾನೂ ಮೂಲೇಲಿ ಉಟ್ಟೋಳು. ನಮ್ಮಪ್ಪ ನನ್ನ ಒಂದು ದಿನ ಎತ್ಕಂಡಿದ್ದು ನಂಗೆ ಗ್ಯಾಪ್ಕ ಇಲ್ಲ. ಈ ಮಗೀಗೂ ಅಂಗೇ ಆಗ್ಬೇಕಾ ಅನ್ನುಸ್ತು. ಕುಡ್ಲು ಪಡುವಕ್ಕೆ ವಾಲಿತ್ತು ಅಂದ್ಬುಟ್ಟೆ."

ಅತ್ತೆ ತಾರಸಿಯ ಮೋಟು ಗೋಡೆ ಹಿಡಿದು ಕುಳಿತರು. ನಾನು ಹೆದರಿದ್ದ ಪ್ರಶ್ನೆಯೇ ಬಂತು. ಧ್ವನಿ ಚಿಕ್ಕ ಹುಡುಗಿಯದಾಗಿತ್ತು. "ಹಾಗಾದ್ರೆ ನಮ್ಮಪ್ಪ..."

"ಆ ವರ್ಸ ಜ್ವರ ಬಂದು ಊರಲ್ಲಿ ಐದು ಜನ ಓದ್ರು," ಎಂದರು ಲಕ್ಕಮ್ಮ ಗದರುವ ದನಿಯಲ್ಲಿ. "ಅವ್ರೆಲ್ಲರ ಮನೇಲೂ ಮೂಲೆ ಮಗು ಇತ್ತಾ? ಕೇಳಿಲ್ಲಿ. ಮಾರ್ನೇ ದಿನ ನಿಮ್ಮಪ್ಪ ಬಂದು, ಕಾಲು ತೊಳ್ಕಂಡು, ನೆಟ್ಟಗೆ ಒಳೀಕೆ ಓಗಿ ನಿನ್ನ ಎತ್ಕಂಡ್ರು. ಆಮೇಲೆ ಇಳ್ಸಿದ್ದೇ ನಾನು ಕಾಣೆ. ಅನ್ನೆಲ್ಡು ವರ್ಸ ಎಗಲ ಮೇಲೆ, ಸೈಕಲ್ ಮೇಲೆ, ಇಸ್ಕೂಲ್ ಮೇಜಿನ ಮೇಲೆ. ಊರೆಲ್ಲ ನಗಾಡ್ತಿತ್ತು. ಒಂದಿನಾನೂ ನಿನ್ನ ಎದ್ರಿ ಎದ್ರಿ ಮುಟ್ನಿಲ್ಲ. ಅಷ್ಟು ನಿಂಗೆ ಸಿಗ್ಲಿ ಅಂತ ಏಳ್ದೆ. ಬೈಯಂಗಿದ್ರೆ ಬೈಯಿ."

ಅತ್ತೆ ಬೈಯಲಿಲ್ಲ. ಅಳುತ್ತಿದ್ದಾರೋ ಇಲ್ಲವೋ ಕತ್ತಲಲ್ಲಿ ತಿಳಿಯಲಿಲ್ಲ. "ಇನ್ನೆಷ್ಟು ಮಕ್ಕಳಿಗೆ ಹೀಗೆ ಹೇಳಿದೀಯೇ?" ಎಂದು ಕೇಳಿದರು.

"ಅದ್ನ ಮಾತ್ರ ಕೇಳ್ಬೇಡ ಕಣವ್ವ."

ಅತ್ತೆ ಎದ್ದು ನನ್ನ ಹತ್ತಿರ ಬಂದು, ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಗಿರಿಧರ ಕೋಣೆಯ ಹೊರಗೆ ಕುರ್ಚಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಮಗು ಬರುವುದನ್ನು ಕಂಡು ರೂಢಿಯಂತೆ ಮುಖ ಗೋಡೆಗೆ ತಿರುಗಿಸಿದರು.

"ಈ ಕಡೆ ತಿರುಗೋ," ಎಂದರು ಅತ್ತೆ. "ಶಾಂತಿ ಇಪ್ಪತ್ತೇಳಕ್ಕೇ ಮಾಡಿಸೋದು, ಅದನ್ನ ಬಿಡಲ್ಲ. ಅಲ್ಲಿವರೆಗೂ ನೀನು ಕೈ ಕಟ್ಕೊಂಡು ಕೂತ್ಕೋಬೇಕಾಗಿಲ್ಲ. ಹಿಡ್ಕೋ. ಕುತ್ತಿಗೆ ಹುಷಾರು."

ಗಿರಿಧರ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಕೆಂಪು ಶಾಯಿ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಚಾಚಿದರು. ಮಗು ಕಣ್ಣು ಬಿಟ್ಟು ಅವರನ್ನು ನೋಡಿ, ಹಣೆ ಗಂಟಿಕ್ಕಿ, ಮತ್ತೆ ಮಲಗಿತು. ಅವರು ಎಷ್ಟೋ ಹೊತ್ತು ಕದಲಲಿಲ್ಲ. ಕಣ್ಣು ಯಾರ ಥರ ಎಂದು ಕೇಳಲೂ ಇಲ್ಲ.

ಲಕ್ಕಮ್ಮ ಆ ರಾತ್ರಿ ನಡುಮನೆಯಲ್ಲಿ ಮಲಗಿದರು. ಆದರೆ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಚಾಪೆ ಸುತ್ತಿಟ್ಟಿತ್ತು. ನೋಡಿದರೆ ಕೈಚೀಲ ಹಿಡಿದು ಗೇಟಿನಾಚೆ ನಿಂತಿದ್ದರು. ಹೋಗಲೂ ಮನಸ್ಸಿಲ್ಲ, ಒಳಗೆ ಬರಲೂ ಧೈರ್ಯವಿಲ್ಲ. ನಾನು ಹೊರಡುವ ಮೊದಲೇ ಅತ್ತೆ ಚಪ್ಪಲಿಯಿಲ್ಲದೆ ಅಂಗಳ ದಾಟಿದ್ದರು.

"ಅಲ್ಲೇನು ನಿಂತಿದೀಯಾ? ಹಂಡೆ ನೀರು ಆರ್ತಾ ಇದೆ."

"ಸುಳ್ಳಿ ಕೈಯಾಗೆ ಮಗೀಗೆ ನೀರು ಉಯ್ಯುಸ್ತೀರಾ ವೇದಮ್ಮ?"

"ನನ್ನ ಹೊಕ್ಕುಳ ಬಳ್ಳಿ ಕುಯ್ದ ಮನೆಯವಳು ನೀನು. ಇನ್ಯಾರನ್ನ ಹುಡುಕ್ಕೊಂಡು ಹೋಗ್ಲಿ? ಬಾ ಒಳಗೆ."

ಅವತ್ತು ನೀರು ಸುರಿಯುವ ಕೆಲಸ ಗಿರಿಧರರಿಗೆ ಬಂತು. ಅವರು ಪಂಚೆ ಎತ್ತಿ ಕಟ್ಟಿಕೊಂಡು, ಚೊಂಬನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣನ್ನೆಲ್ಲ ಮಗುವಿನ ಮುಖದ ಮೇಲಿಟ್ಟು ಸುರಿದ ಬಿಸಿನೀರು ಅರ್ಧಕ್ಕರ್ಧ ಲಕ್ಕಮ್ಮನ ಸೀರೆಯ ಮೇಲೆ ಬಿತ್ತು.

"ಏ, ಸಣ್ಣಗೆ ಬುಡಪ್ಪಾ! ಗದ್ದೆಗೆ ನೀರು ಕಟ್ತಿದ್ದೀಯಾ? ಮಖ ಆಮೇಲೆ ನೋಡೀವಂತೆ, ಈಗ ಚೊಂಬು ನೋಡು!"